ತಂಪು ಖೋಲಿ

ಕಲಬುರಗಿಯ ಬಿಸಿಲಿಗೆ ಹೆದರುವುದಿಲ್ಲ ಎಂದು ಯಾರಾದರೂ ಅಂದರೆ, ಅವರು ಇನ್ನೂ ಅಲ್ಲಿಯ ಏಪ್ರಿಲ್ ನೋಡಿಲ್ಲ ಎಂದೇ ಅರ್ಥ. ಅಂಥ ಊರಲ್ಲಿ ಸಾಬಮ್ಮನಿಗೆ ಬಾಡಿಗೆಗೆ ಒಂದು ತಂಪು ಖೋಲಿ ಸಿಕ್ಕಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತರೆ ಸಾಕು, ಮೈಯೆಲ್ಲ ಹಾಯೆನಿಸುತ್ತಿತ್ತು.

ಸಾಬಮ್ಮ ಕಮಲಾಪುರದವಳು. ಗಂಡ ರಾಮಣ್ಣ ಅಲ್ಲಿಯೇ ಬಾಳೆತೋಟದ ಕೆಲಸಕ್ಕಿದ್ದ. ಮಗಳು ಗೌತಮಿ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಿಯೇ ತೀರುತ್ತೇನೆಂದು ಹಟ ಹಿಡಿದಾಗ, ಓಡುವ ಅಭ್ಯಾಸಕ್ಕೆ ಮೈದಾನ ಹತ್ತಿರವಿರಲಿ ಎಂದು ತಾಯಿ ಮಗಳು ಕಲಬುರಗಿಯ ಕುಸನೂರಿಗೆ ಬಂದರು. ಸಾಬಮ್ಮ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯತೊಡಗಿದಳು. ಒಲೆಯ ಮುಂದೆ ಬೆಂದು ಬಂದವಳಿಗೆ ಆ ಗೋಡೆ ತವರುಮನೆಯಾಗಿತ್ತು.

ಖೋಲಿ ಹುಡುಕುವಾಗ ಹೆಸರು ಕೇಳಿ, ಊರು ಕೇಳಿ, ಅಡ್ಡಹೆಸರು ಕೇಳಿದ ಕೂಡಲೇ ‘ಖಾಲಿ ಇಲ್ಲ’ ಎಂದವರೇ ಹೆಚ್ಚು. ಮಾಲಕಿ ವಿಜಯಶ್ರೀ ಮಾತ್ರ ಏನೂ ಕೇಳದೆ ಕೀಲಿ ಕೊಟ್ಟಿದ್ದಳು. ಆ ಋಣಕ್ಕೋ ತನ್ನ ಆಯ್ಕೆಯ ಹೆಮ್ಮೆಗೋ, ಸಾಬಮ್ಮ ಗಲ್ಲಿಯಲ್ಲೂ ಹೊಗಳುತ್ತಿದ್ದಳು, ಊರಿಗೆ ಹೋದಾಗಲಂತೂ ಬಸ್ಸಿಳಿಯುವ ಮೊದಲೇ ಶುರುಮಾಡುತ್ತಿದ್ದಳು: “ಖೋಲಿ ಅಂದ್ರ ನಮ್ಮ ಖೋಲಿ! ಫ್ಯಾನೇ ಬ್ಯಾಡ. ಗೋಡಿನೇ ಗಾಳಿ ಬೀಸ್ತದ!”

ಮಳೆಗಾಲ ಮುಗಿಯುವ ಹೊತ್ತಿಗೆ ಆ ಗೋಡೆಯ ಮೇಲೆ ಕಪ್ಪು ಚುಕ್ಕಿಗಳೆದ್ದವು. ಬಟ್ಟೆಗಳಿಗೆ ಒದ್ದೆ ಗೋಣಿಚೀಲದ ವಾಸನೆ ಹತ್ತಿತು. ಸಾಬಮ್ಮ ಚುಕ್ಕಿಗಳ ಮೇಲೊಂದು ಕ್ಯಾಲೆಂಡರ್ ತೂಗುಹಾಕಿ ಕೈ ತೊಳೆದುಕೊಂಡಳು. ಆದರೆ ಗೌತಮಿಗೆ ಕೆಮ್ಮು ಗಂಟುಬಿತ್ತು. ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಹುಡುಗಿ ಈಗ ಅರ್ಧ ಮೈದಾನಕ್ಕೇ ಮೊಣಕಾಲು ಹಿಡಿದು ನಿಲ್ಲುತ್ತಿದ್ದಳು. ಎದೆಯಲ್ಲಿ ಸೀಟಿ ಊದಿದ ಸದ್ದು. ಬೇಸಗೆಗೆ ಓಟದ ಪರೀಕ್ಷೆ. ಉಸಿರೇ ಇಲ್ಲದಿದ್ದರೆ ಪೊಲೀಸ್ ಎಲ್ಲಿಂದ ಆಗಬೇಕು?

ಕಷಾಯ ಕುಡಿಸಿ ಸೋತ ಮೇಲೆ ದವಾಖಾನೆಗೆ ಹೋದರು. ಡಾಕ್ಟರ್ ಅಫ್ಶೀನ್ ಎದೆ ಪರೀಕ್ಷಿಸಿ, “ಊರಿಗೆ ಹೋದಾಗ ಕೆಮ್ಮು ಹೆಂಗಿರ್ತದ?” ಎಂದು ಕೇಳಿದರು.

“ಇರೂದೇ ಇಲ್ಲರೀ,” ಎಂದಳು ಗೌತಮಿ. ಫೋನಿನಲ್ಲಿದ್ದ ಗೋಡೆಯ ಫೋಟೋ ತೋರಿಸಿದಳು.

“ಇದು ಬೂಜು. ಇದರ ಕಣ ಉಸಿರಾಗ ಹೋಗಿ ದಮ್ಮು ಕೆರಳಿಸ್ಯದ. ಎಲ್ಲಾರಿಗೂ ಹಿಂಗಾಗಂಗಿಲ್ಲ, ನಿನ್ನ ಎದಿಗೆ ಆಗಿಬಂದಿಲ್ಲ. ಔಷಧ ಕೊಡ್ತೀನಿ. ಖರೇ, ಆ ಗೋಡಿ ಬಿಡೂತನಕ ಕೆಮ್ಮು ಬಿಡಂಗಿಲ್ಲ.”

‘ನನ್ನ ಕೂಸು ತಂಪಿನಾಗ ಮಲಗಲಿ’ ಎಂದು ಗೋಡೆಗೆ ತಾಗಿದ ಜಾಗವನ್ನು ಮಗಳಿಗೆ ಬಿಟ್ಟುಕೊಟ್ಟವಳು ಸಾಬಮ್ಮನೇ.

ವಿಜಯಶ್ರೀ ಸುಣ್ಣ ಹೊಡೆಸಿದಳು. ಬೂಜು ಸುಣ್ಣದ ಮುಸುಕು ಹೊದ್ದು ಸ್ವಲ್ಪ ದಿನ ಮಲಗಿ, ಮತ್ತೆ ಎದ್ದು ಕೂತಿತು. ಮೇಲಿನ ಬಚ್ಚಲಿನ ಪೈಪು ಗೋಡೆಯೊಳಗೇ ಸೋರುತ್ತಿತ್ತು. ಗೋಡೆ ಒಡೆಸಿ ಪೈಪು ಸರಿಮಾಡಿಸಿರಿ ಎಂದರೆ ಮಾಲಕಿಗೆ ರೇಗಿತು. “ಬ್ಯಾಸಗ್ಯಾಗ ಊರೇ ಧಗಿಗೆ ಸಾಯ್ತದ. ನಿಮಗ ತಂಪ ಸಿಕ್ಕರ ತಕರಾರ! ಬ್ಯಾಡಾದ್ರ ಖಾಲಿ ಮಾಡ್ರಿ.”

ಖಾಲಿ ಮಾಡಿ ಹೋಗುವುದೆಲ್ಲಿಗೆ? ಮತ್ತೆ ಅಡ್ಡಹೆಸರು ಹೇಳಿಕೊಂಡು ಬಾಗಿಲು ಬಾಗಿಲು ತಿರುಗಬೇಕಲ್ಲ ಎಂದು ಸಾಬಮ್ಮ ಹಿಟ್ಟಿನ ಮುಂದೆ ಕೂತು ಅತ್ತಳು. ಜೊತೆಗೆ ರೊಟ್ಟಿ ಬಡಿಯುವ ಶೇವಂತಾ ಗದರಿದಳು: “ಅತ್ತರ ಗೋಡಿ ಒಣಗ್ತದೇನಕ್ಕಾ? ಕೋರ್ಟಿನಾಗ ಕಾನೂನು ನೆರವಿನ ಆಫೀಸದ. ಹೆಣ್ಮಕ್ಕಳಿಗೆ ವಕೀಲರು ಪುಕ್ಕಟೆ. ನಡೀ.”

ಅಲ್ಲಿಯ ವಕೀಲ ಪವಮಾನ ಇದ್ದದ್ದನ್ನು ಇದ್ದ ಹಾಗೇ ಹೇಳಿದ. “ರಿಪೇರಿ ಮಾಡಸೂದು ಮಾಲಕರ ಜವಾಬ್ದಾರಿ ಅದರೀ. ನೋಟಿಸ್ ಕೊಡಬಹುದು, ಪರಿಹಾರಕ್ಕ ಕೇಸೂ ಹಾಕಬಹುದು. ಆದ್ರ ಕೆಮ್ಮು ಆ ಗೋಡಿಂದೇ ಬಂತಂತ ತೋರಿಸಬೇಕಾಗ್ತದ, ವರ್ಷಗಟ್ಟಲೆ ಹಿಡೀತದ. ಫೋಟೋ, ಡಾಕ್ಟರ್ ಚೀಟಿ ಜ್ವಾಕಿ ಇಡ್ರಿ. ಮೊದಲ ಇಬ್ಬರನ್ನೂ ಕೂಡಿಸಿ ಮಾತಾಡೂಣು.”

ಆಫೀಸಿನಿಂದ ಕರೆ ಹೋದ ಮೇಲೆ ವಿಜಯಶ್ರೀ ಬಂದಳು, ಬಾಣ ಹೂಡಿಕೊಂಡೇ ಬಂದಳು. “ಈಕಿನ್ನೇ ಕೇಳ್ರಿ ಸಾಹೇಬ್ರ! ಖೋಲಿ ತಂಪದ ಅಂತ ಗಲ್ಲಿತುಂಬ ಹೊಗಳಿದಾಕಿ ಈಕಿನೇ.”

ಎಲ್ಲರೂ ಸಾಬಮ್ಮನತ್ತ ನೋಡಿದರು. ಅವಳು ಸೆರಗು ಸರಿಮಾಡಿಕೊಂಡಳು.

“ಖರೇ ಅದರೀ, ಹೊಗಳೀನಿ. ಶಾಣ್ಯಾಕಿ ಅನ್ಕೊಂಡಿದ್ದೆ, ಹುಚ್ಚಿ ಆದೆ. ಬಾವೀನೂ ತಂಪ ಇರ್ತದರೀ ಅಕ್ಕಾರ. ಹಂಗಂತ ಹೆತ್ತ ಮಗಳಿಗೆ ಬಾವ್ಯಾಗ ಹಾಸಿಗಿ ಹಾಸ್ತಾರೇನ್ರೀ?”

ಪಕ್ಕದಲ್ಲಿ ಕೂತಿದ್ದ ಗೌತಮಿ ಕೆಮ್ಮತೊಡಗಿದಳು. ನಿಲ್ಲಿಸಲು ನೋಡಿದರೂ ನಿಲ್ಲಲಿಲ್ಲ. ವಿಜಯಶ್ರೀ ಎದ್ದು ತನ್ನ ನೀರಿನ ಬಾಟಲಿ ಕೊಟ್ಟಳು. ಅವಳೂ ಮಕ್ಕಳ ತಾಯಿ. “ಒಡಸ್ತೀನಿ ತಗೋರಿ,” ಎಂದಳು. “ಅಲ್ಲಿತನಕ ಮ್ಯಾಲಿನ ತಗಡಿನ ಖೋಲ್ಯಾಗ ಇರ್ರಿ.”

ತಗಡಿನ ಖೋಲಿಯಲ್ಲಿ ಹಪ್ಪಳ ಇಟ್ಟರೆ ತಾನಾಗಿಯೇ ಸುಡುತ್ತಿತ್ತು. ಆದರೆ ಔಷಧಕ್ಕೆ ಒಣಗಾಳಿಯೂ ಕೂಡಿ ಗೌತಮಿಯ ಎದೆಯ ಸೀಟಿ ಮೆಲ್ಲಗೆ ನಿಂತಿತು. ಪರೀಕ್ಷೆಯ ದಿನ ಸಾಬಮ್ಮ ಮೈದಾನದ ಗೇಟಿನ ಹೊರಗೆ ಕಾದಿದ್ದಳು. ಬೆವರಿನಲ್ಲಿ ತೊಯ್ದ ಮಗಳು ಓಡುತ್ತಲೇ ಬಂದು, “ಯವ್ವಾ, ಪಾಸಾದೆ!” ಎಂದು ತಬ್ಬಿಕೊಂಡಳು. ಲಿಖಿತ ಪರೀಕ್ಷೆ ಇನ್ನೂ ಬಾಕಿಯಿತ್ತು. ಇರಲಿ, ಅದಕ್ಕೆ ತಲೆ ಸಾಕು.

ಸುದ್ದಿ ಹೇಳಲು ಇಬ್ಬರೂ ಕಮಲಾಪುರಕ್ಕೆ ಹೋದರು. ಬಸ್ಸಿಳಿಯುತ್ತಲೇ ನೆರೆಯವಳೊಬ್ಬಳು ಚೇಷ್ಟೆಗೆ ಕೇಳಿದಳು: “ಹೆಂಗದವಾ ನಿನ್ನ ತಂಪ ಖೋಲಿ?”

“ಅದನ್ನ ಬಿಟ್ಟೀವಿ. ಈಗಿಂದು ಕಾದ ಹಂಚಿನಂಗ ಸುಡ್ತದ. ಕೂತರ ಬೆವರು, ನಿಂತರ ಬೆವರು.”

ಚೀಲ ಹೊತ್ತ ಗೌತಮಿ ಒಮ್ಮೆಯೂ ಕೆಮ್ಮದೆ ಬಿರಬಿರನೆ ಮುಂದೆ ನಡೆಯುತ್ತಿದ್ದಳು. ಸಾಬಮ್ಮ ಅತ್ತ ನೋಡುತ್ತ ಹೇಳಿದಳು:

“ಅಂಥಾ ಛಲೋ ಖೋಲಿ ಕಲಬುರಗ್ಯಾಗ ಇನ್ನೊಂದಿಲ್ಲ ನೋಡು.”