ಸಾವಕಾರರು ಕುಡಿಸಿದ ಹಾಲು

ನಮ್ಮ ಭಾವನವರ, ಅಂದರೆ ನಿಮ್ಮ ಅಜ್ಜನ ಅಣ್ಣನ, ಕಿವಿಗಳು ಮುರುಟಿ ಗಟ್ಟಿಯಾಗಿದ್ದವು. ಕುಸ್ತಿಯ ಮಣ್ಣಿನಲ್ಲಿ ತಿಕ್ಕಿಸಿಕೊಂಡು ಅವಕ್ಕೆ ಆಕಾರವೇ ಉಳಿದಿರಲಿಲ್ಲ. ಅವರ ಮುಖಕ್ಕಿಂತ ಆ ಕಿವಿಗಳೇ ನನಗೆ ಹೆಚ್ಚು ಗೊತ್ತು. ಗಂಡನ ಅಣ್ಣನ ಎದುರು ನಿಲ್ಲುವ ರೂಢಿ ನಮ್ಮಲ್ಲಿರಲಿಲ್ಲ. ಅವರು ಹೊರಗೆ ಹೊರಟಾಗ ಸೆರಗಿನ ಸಂದಿಯಿಂದ ಹಿಂಭಾಗವಷ್ಟೇ ಕಾಣುತ್ತಿತ್ತು. ನಾನು ಸೆರಗು ಎಳೆದುಕೊಳ್ಳಲೆಂದು ಅವರು ಒಳಗೆ ಬರುವ ಮೊದಲು ಬಾಗಿಲಲ್ಲಿ ಕೆಮ್ಮುತ್ತಿದ್ದರು.

ಅಕ್ಕಲಕೋಟೆ ಕಡೆಯ ಹಳ್ಳಿಯಲ್ಲಿ, ಊರ ಹೊರಗೆ ನಮ್ಮ ಕೇರಿ. ಹೋಟೆಲಿನಲ್ಲಿ ನಮಗೆ ಬೇರೆ ಬಟ್ಟಲು. ಬಾವಿಯ ನೀರನ್ನು ಬೇರೆಯವರು ಮೇಲಿನಿಂದ ಸುರಿದರೆ ಮಾತ್ರ ನಮ್ಮ ಕೊಡ ತುಂಬುತ್ತಿತ್ತು. ಆದರೆ ಭಾವನವರು ಎಲ್ಲರನ್ನೂ ಚಿತ್ ಮಾಡಿದ ಮೇಲೆ ಊರಿಗೆ ಊರೇ ಅವರನ್ನು 'ನಮ್ಮ ಪೈಲವಾನ' ಎಂದಿತು. ಹಾಕಿಯಲ್ಲಿ ದೇಶಕ್ಕೆ ಒಲಿಂಪಿಕ್ಸ್ ಬಂಗಾರ ಬಂದಿತ್ತು. ಒಬ್ಬನೇ ನಿಂತು ಗೆದ್ದ ಬಂಗಾರ ಇನ್ನೂ ಬಂದಿರಲಿಲ್ಲ. ಐವತ್ತಾರರ ಮೆಲ್ಬರ್ನ್ ಒಲಿಂಪಿಕ್ಸ್‌ನಿಂದ ಅದನ್ನು ಇವರೇ ತರುತ್ತಾರೆಂದು ಸೊಲ್ಲಾಪುರದವರೆಗೂ ಮಾತು.

ಅದಕ್ಕೆ ಮೊದಲು ಮುಂಬೈಯ ಆಯ್ಕೆಯಲ್ಲಿ ಗೆಲ್ಲಬೇಕಿತ್ತು. ಅಲ್ಲಿ ತೂಕ ನೋಡಿ ಜೋಡಿ ಹಚ್ಚುತ್ತಾರಂತೆ. ನಮ್ಮ ಮಣ್ಣಿನ ಕುಸ್ತಿಗೆ ಅದು ಗೊತ್ತೇ ಇರಲಿಲ್ಲ. ಭಾವನವರು ತೂಕ ಇಳಿಸಲು ಅರ್ಧ ರೊಟ್ಟಿ ತಿಂದು, ಬಿಸಿಲಲ್ಲಿ ಕಂಬಳಿ ಹೊದ್ದು ಹನ್ನೂರಿನ ದಾರಿಯಲ್ಲಿ ಓಡುತ್ತಿದ್ದರು.

"ಪೈಲವಾನಾಗಿ ಹಿಂಗ ಒಣಗತಾರೇನೋ?" ಎಂದು ಅತ್ತೆ ಅಳುತ್ತಿದ್ದರು.

"ಒಂದು ತೊಲಿ ಹೆಚ್ಚಾದ್ರೂ ಒಳಗ ಬಿಡಂಗಿಲ್ಲಬೇ," ಎನ್ನುತ್ತಿದ್ದರು ಅವರು.

ಹೊರಡುವ ಸಂಜೆ ಸೊಲ್ಲಾಪುರ ಸ್ಟೇಷನ್ನಿನಲ್ಲಿ ಹಾರ, ಹಲಗೆಯ ಬಡಿತ. ಊರಿನ ಸಾವಕಾರರು ಹಾಲಿನ ದೊಡ್ಡ ಚರಿಗೆ ಹಿಡಿದು ಬಂದರು.

"ಬ್ಯಾಡ್ರಿ ಮಾಲಕ್ರ. ನಾಳೆ ಮುಂಜಾನೆ ತೂಕ ಐತ್ರಿ."

"ದೇಶಕ್ಕ ಬಂಗಾರ ತರಾಂವ ಖಾಲಿ ಹೊಟ್ಟೀಲೆ ಹೋಗ್ತಾನೇನ? ಏನ, ನನ್ನ ಕೈಯಾಗಿಂದ ಬ್ಯಾಡಂತೀ?"

ಹಿಂದೆ ನಿಂತಿದ್ದ ಮಾವನವರು ಮಗನ ಭುಜ ಹಿಡಿದರು. "ಕುಡಿಯೋ ಮಗನ. ಅವರು ತಮ್ಮ ಕೈಲೆ ಕೊಡಾಕತ್ತಾರ."

ಸಾವಕಾರರ ಕೈ ನಮ್ಮವರೊಬ್ಬರ ತುಟಿಯ ಹತ್ತಿರ ಬಂದದ್ದು ಅದೇ ಮೊದಲು. ಭಾವನವರು ಅಪ್ಪನ ಮುಖ ನೋಡಿದರು. ಚರಿಗೆ ಬರಿದಾಯಿತು. ಸಾವಕಾರರು ಕೊಟ್ಟ ಮೇಲೆ ಪೇಟೆಯ ಉಳಿದವರೂ ಕೊಟ್ಟರು, ಯಾರಿಗೂ ಇಲ್ಲವೆನ್ನಲಾಗಲಿಲ್ಲ.

ಮುಂದಿನದನ್ನು ಜೊತೆಗೆ ಹೋಗಿದ್ದ ನಿಮ್ಮ ಅಜ್ಜ ಹೇಳಿದ್ದು. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಆಚೆ ನಿಂತಿತು. ಭಾವನವರು ಓಡಿದರು, ಉಗುಳು ಬತ್ತುವ ತನಕ ಉಗುಳಿದರು, ಕಡೆಗೆ ತಲೆ, ಮೀಸೆ ಬೋಳಿಸಿಕೊಂಡು ಮತ್ತೆ ಹತ್ತಿದರು. ಅಷ್ಟರಲ್ಲಿ ತೂಕದ ಹೊತ್ತು ಮೀರಿತ್ತು, ಅವರನ್ನು ಕುಸ್ತಿಗೆ ಇಳಿಸಲಿಲ್ಲ.

ಅವರು ಬೋಳು ತಲೆಯಲ್ಲಿ ಕೇರಿಗೆ ಬಂದಾಗ ಅತ್ತೆ, "ಯಾರು ಸತ್ತರೋ?" ಎಂದು ಎದೆ ಬಡಿದುಕೊಂಡರು. ಸಾವಕಾರರು ಕಟ್ಟೆಯ ಮೇಲೆ ಕುಳಿತು ನಕ್ಕರು. "ಅಪ್ಪ ಜೀವಂತ ಇರೂವಾಗನ ತಲಿ ಬೋಳಿಸ್ಕೊಂಡ ಬಂದ ನೋಡ್ರಿ. ಹಾಲ ಕಾಣದ ಮಂದಿ, ಕಂಡ ಕೂಡ್ಲೇ ದೇಶದ ಬಂಗಾರ ಕುಡದ ಬಿಟ್ಟ." ನಿಮ್ಮ ಅಜ್ಜ ಬಾಯಿ ತೆರೆಯುವಷ್ಟರಲ್ಲಿ ಭಾವನವರು ಅವರ ರಟ್ಟೆ ಹಿಡಿದರು. ಮಾವನವರು ಸಾವಕಾರರ ಕಾಲಿಗೆ ಬಿದ್ದು ತಪ್ಪಾಯಿತೆಂದರು.

ಒಂದು ದಿನ ಊಟದಲ್ಲಿ ಭಾವನವರು ಇನ್ನೊಂದು ರೊಟ್ಟಿ ಕೇಳಿದರು. "ಇನ್ನೂ ಹೊಟ್ಟಿ ತುಂಬಲಿಲ್ಲೇನ?" ಎಂದರು ಮಾವನವರು. ಭಾವನವರು ತಾಟಿನಲ್ಲೇ ಕೈ ತೊಳೆದು ಎದ್ದರು. ಸೊಲ್ಲಾಪುರದ ಗಿರಣಿಯಲ್ಲಿ ಬಟ್ಟೆಯ ಗಂಟು ಹೊರುವ ಕೆಲಸ ಹಿಡಿದರು. ಮತ್ತೆ ಕುಸ್ತಿಯ ಮಣ್ಣು ತುಳಿಯಲಿಲ್ಲ. ಆ ವರ್ಷ ನಮ್ಮ ಕುಸ್ತಿಯವರು ಮೆಲ್ಬರ್ನ್‌ನಿಂದ ಬರಿಗೈಯಲ್ಲಿ ಬಂದದ್ದನ್ನೂ ಊರು ಇವರ ತಲೆಗೇ ಕಟ್ಟಿತು. ನಿಮ್ಮ ಅಜ್ಜ ತೀರಿಹೋದ ಮೇಲೆ ಆ ಗಿರಣಿಯ ಕೂಲಿಯಿಂದಲೇ ನನ್ನ ಮಕ್ಕಳು ಓದಿದರು.

ಭಾವನವರು ತೀರಿಕೊಂಡಾಗ ಊರ ಶಾಲೆಯಲ್ಲಿ ಸಭೆ ಮಾಡಿದರು. ಸಾವಕಾರರ ಮಗ ಮೈಕಿನ ಮುಂದೆ ನಿಂತು, "ನಮ್ಮ ತಂದೆಯವರು ತಮ್ಮ ಕೈಯಾರೆ ಹಾಲು ಕುಡಿಸಿ ಬೆಳೆಸಿದ ಪೈಲವಾನರು ಇವರು," ಎಂದ. ಚಪ್ಪಾಳೆ ಬಿತ್ತು.

ನಾನು ಎದ್ದು ನಿಂತೆ. ಜನರ ಮುಂದೆ ಎಂದೂ ಮಾತಾಡಿದವಳಲ್ಲ. "ಅವರು ಬ್ಯಾಡ ಅಂದಿದ್ರು," ಎಂದೆ.

ನಮ್ಮ ಕೇರಿಯ ಹೆಂಗಸೇ ಹಿಂದಿನಿಂದ ಸೆರಗು ಜಗ್ಗಿದಳು. "ಕೂಡ್ರಿ ಆಯಿ. ದೊಡ್ಡವರು ನಮ್ಮವರ ಬಗ್ಗೆ ಚೊಲೋ ಹೇಳಾಕತ್ತಾರ."

ಭಾಷಣ ಮುಗಿಯುವವರೆಗೂ ನಾನು ಕುಳಿತುಕೊಳ್ಳಲಿಲ್ಲ.