‘ಮುಟ್ಟಡ’ ಎಂದು ಕೂಗಿದ್ದು ಯಾರು?

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದವಳು. ಸಿದ್ದಾಪುರದ ಶಾಲೆಯೊಂದರಲ್ಲಿ ಪಿಟಿ ಟೀಚರ್ ಆಗಿದ್ದೆ. ನನ್ನ ಕೊರಳಿನ ಮುಂದೆ ಸೀಟಿ ಯಾವ ಲೆಕ್ಕ? ಒಂದು ಕೂಗು ಹಾಕಿದರೆ ಇಡೀ ಮೈದಾನ ನಿಂತುಬಿಡುತ್ತಿತ್ತು. ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆಂದರೆ ನನ್ನ ಜೊತೆ ಕೆಲಸ ಮಾಡಿದವರು ನಗುತ್ತಾರೆ. ನಗಲಿ.

ಕೆಲವು ವರ್ಷಗಳ ಹಿಂದೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಥೈರಾಯ್ಡ್ ಕ್ಯಾನ್ಸರ್ ಎಂದರು, ಗ್ರಂಥಿಯನ್ನೇ ತೆಗೆದರು. ಆಪರೇಶನ್ನೇನೋ ಸುಸೂತ್ರವಾಯಿತು, ಆದರೆ ಧ್ವನಿಯ ನರ ಸೋತುಹೋಗಿತ್ತು. ಪಿಸುಮಾತಿನ ಹೊರತು ಗಂಟಲಿನಿಂದ ಏನೂ ಹೊರಡುತ್ತಿರಲಿಲ್ಲ. ದನಿ ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಅಲ್ಲಿ ಇಲ್ಲಿ ಉಳಿದಿರಬಹುದಾದ ರೋಗವನ್ನು ಸುಡಲು ವಿಕಿರಣ ಅಯೋಡಿನ್ ಕೊಡಬೇಕು ಎಂದೂ ಹೇಳಿದರು.

ಅದರ ಪಥ್ಯವೇ ಒಂದು ದೊಡ್ಡ ವ್ರತ. ಅಂಗಡಿಯ ಪುಡಿ ಉಪ್ಪು ಬಂದ್, ಹಾಲು ಮೊಸರು ಬಂದ್. ಮಜ್ಜಿಗೆ ಇಲ್ಲದೆ ತಂಬುಳಿ ಮಾಡುವುದು ಹೇಗೆ ಹೇಳಿ! ಅಯೋಡಿನ್ ಬೆರೆಸದ ಉಪ್ಪಿಗಾಗಿ ನಮ್ಮನೆಯವರು ಶಿರಸಿ ಪೇಟೆಯನ್ನೆಲ್ಲ ಸುತ್ತಿದರು. ದಿನಾ ನುಂಗುತ್ತಿದ್ದ ಥೈರಾಯ್ಡ್ ಮಾತ್ರೆಯನ್ನೂ ನಿಲ್ಲಿಸಿದ್ದರಿಂದ ಮೈಯೆಲ್ಲ ಭಾರ, ಬಿಸಿಲಲ್ಲೂ ಚಳಿ, ಹಗಲಿಡೀ ಮಂಪರು. ಕೊನೆಗೆ ದೂರದ ಊರಿನ ಆಸ್ಪತ್ರೆಯಲ್ಲಿ ಸೀಸದ ಡಬ್ಬಿಯಿಂದ ಒಂದು ಸಣ್ಣ ಕ್ಯಾಪ್ಸೂಲ್ ತೆಗೆದುಕೊಟ್ಟರು. ನುಂಗಿದೆ, ಅಷ್ಟೇ. ನೋವಿಲ್ಲ, ಉರಿಯಿಲ್ಲ. ಕೊಟ್ಟವರು ಮಾತ್ರ ಬೇಗ ಬೇಗ ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ನೀರು ಕುಡಿಯುವುದು, ಲಿಂಬೆಹುಳಿ ಪೆಪ್ಪರಮಿಂಟು ಚೀಪುವುದು, ಮತ್ತೆ ನೀರು ಕುಡಿಯುವುದು. ಬಾಯಿಯೆಲ್ಲ ತಗಡು ನೆಕ್ಕಿದ ರುಚಿ.

ಮೈಯಿಂದ ಇನ್ನೂ ವಿಕಿರಣ ಹೊಮ್ಮುತ್ತಿರುತ್ತದೆಂದು, ಮನೆಗೆ ಕಳಿಸಿದ ಮೇಲೂ ಕೆಲವು ದಿನ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಬಟ್ಟೆ. ಮಕ್ಕಳು, ಬಸುರಿಯರು ಹತ್ತಿರ ಸುಳಿಯಬಾರದು. ನಾವಿರುವುದು ನನ್ನ ತವರಿನ ಮನೆಯಲ್ಲಿ, ಸಿದ್ದಾಪುರ ಪೇಟೆಯಲ್ಲೇ. ಅಲ್ಲಿ ಪ್ರತ್ಯೇಕ ಬಚ್ಚಲು ಇರುವುದು ಹಿಂದಿನ ಕೋಣೆಗೆ ಮಾತ್ರ. ಆಯಿ, ಅಂದರೆ ನನ್ನ ತಾಯಿ, ತಿಂಗಳಿಗೊಮ್ಮೆ ಮುಟ್ಟಾದಾಗ ‘ಹೊರಗೆ’ ಕೂರುತ್ತಿದ್ದುದು ಅದೇ ಕೋಣೆಯಲ್ಲಿ. ನಾನೂ ತಂಗಿ ಸವಿತಾಳೂ ಓಡಿ ಹೋದರೆ ‘ಮುಟ್ಟಡ!’ ಎಂದು ಕೂಗುತ್ತಿದ್ದಳು. ಮುಟ್ಟಬೇಡ ಎನ್ನುವುದಕ್ಕೆ ನಮ್ಮ ಮನೆಮಾತು ಅದು; ನಮ್ಮಲ್ಲಿ ನಾನು ಎಂದರೆ ‘ಆನು’, ನನಗೆ ಎಂದರೆ ‘ಎಂಗೆ’. ಸವಿತಾ ಹೊಸ್ತಿಲಲ್ಲೇ ನಿಂತು ಅಳುತ್ತಿದ್ದಳು. ಆ ಶಬ್ದವನ್ನು ದ್ವೇಷಿಸುತ್ತಲೇ ನಾನು ಬೆಳೆದೆ. ನನ್ನ ಸರದಿ ಬಂದಾಗ ಆ ಕೋಣೆಯಲ್ಲಿ ಕೂರಲು ಒಪ್ಪದೆ ಜಗಳವಾಡಿದೆ, ಗೆದ್ದೆ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಮಾತನ್ನು ಆಡಿರಲಿಲ್ಲ. ಆಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಈಗ ಅದೇ ಕೋಣೆಯಲ್ಲಿ, ಅದೇ ರೀತಿ ದೂರದಿಂದ ನೂಕಿದ ತಟ್ಟೆಯಲ್ಲಿ ನಾನು ಉಣ್ಣುತ್ತಿದ್ದೆ. ಯಾರ ಮೇಲೆಂದು ಗೊತ್ತಾಗದ ಸಿಟ್ಟು ಬರುತ್ತಿತ್ತು.

ಸವಿತಾ ಇರುವುದು ಯಲ್ಲಾಪುರದಲ್ಲಿ. ಬಸಿರು ನಿಂತದ್ದೆಲ್ಲ ಇಳಿದುಹೋಗಿ, ಅವಳು ಮಗುವಿನ ಆಸೆಯನ್ನೇ ಬಿಟ್ಟಿದ್ದಳು. ಯಾರೂ ಬರಬೇಡಿ ಎಂದು ನಾವು ಹೇಳಿದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಬಟ್ಟೆಯ ಚೀಲ ಹಿಡಿದು ನನ್ನ ಕೋಣೆಯ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

“ಎಂಗೆ ಮಕ್ಕ ಇಲ್ಲೆ, ಮರಿ ಇಲ್ಲೆ. ಆನು ನಿನ್ನ ಹತ್ರನೇ ಮಲಗ್ತೆ. ಎಂತ ಆಗ್ತು ನೋಡನ” ಎನ್ನುತ್ತ ಒಳಗೆ ಕಾಲಿಟ್ಟಳು.

ಬೇಡ ಎನ್ನಬೇಕಿತ್ತು. ಆದರೆ ದಿನಗಟ್ಟಲೆ ಯಾರೂ ನನ್ನನ್ನು ಮುಟ್ಟಿರಲಿಲ್ಲ. ನಿಜ ಹೇಳುತ್ತೇನೆ, ನಾನು ಎರಡೂ ಕೈ ಚಾಚಿದೆ.

“ಮುಟ್ಟಡ!”

ಮೈದಾನದ ಆಚೆ ತುದಿಗೂ ಕೇಳುವಂಥ ಕೂಗು. ನನ್ನ ಬೆನ್ನ ಹಿಂದಿನಿಂದ, ಆಯಿ ಚಾಪೆ ಹಾಸುತ್ತಿದ್ದ ಮೂಲೆಯಿಂದ ಬಂತು. ತಿರುಗಿ ನೋಡಿದೆ. ಗೋಡೆ, ನೀರಿನ ಕೊಡ, ಇನ್ನೇನೂ ಇಲ್ಲ. ಸವಿತಾ ಚಿಕ್ಕವಳಿದ್ದಾಗಿನಂತೆಯೇ ನಿಂತಲ್ಲೇ ನಿಂತಿದ್ದಳು. ಅವಳು ಮೂಲೆಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

“ನೀನೂ ಅದನ್ನೇ ಹೇಳ್ತ್ಯಾ ಅಕ್ಕಾ?”

ಅಳುತ್ತ ಚೀಲ ಎತ್ತಿಕೊಂಡು ಹೊರಟೇಹೋದಳು. ಅವಳ ಹೆಸರು ಹಿಡಿದು ಕೂಗಲು ಎಷ್ಟು ಪ್ರಯತ್ನಪಟ್ಟರೂ ಬರೀ ಉಸಿರು ಬಂತು.

ನಮ್ಮನೆಯವರು ಜಗಲಿಯಲ್ಲೇ ಇದ್ದರು. ಕೂಗಿದ್ದು ಯಾರು ಎಂದು ಪಿಸುಗುಟ್ಟಿ ಕೇಳಿದೆ. “ಯಾರು ಕೂಗಿದ್ದು? ಸವಿತಾ ಅತ್ತಿದ್ದು ಬಿಟ್ರೆ ಎಂಗೆ ಎಂತದೂ ಕೇಳಿದ್ದಿಲ್ಲೆ” ಎಂದರು. ಕೈಯಲ್ಲಿದ್ದ ಪೇಪರನ್ನೂ ಅವರು ಇನ್ನೂ ಮಡಿಸಿರಲಿಲ್ಲ.

ಸವಿತಾ ಬಹಳ ದಿನ ಮಾತು ಬಿಟ್ಟಳು. ಮತ್ತೆ ಫೋನ್ ಮಾಡಿದ್ದು ಬಸುರಿಯಾದ ಸುದ್ದಿ ಹೇಳಲಿಕ್ಕೆ. ಲೆಕ್ಕ ಹಾಕಿ ನೋಡಿದರೆ, ಅವತ್ತು ನಮ್ಮ ಮನೆಗೆ ಬಂದಾಗಲೇ ಅದು ಹೊಟ್ಟೆಯಲ್ಲಿತ್ತು. ಅವಳಿಗೇ ಗೊತ್ತಿರಲಿಲ್ಲ.

“ನೀನು ಕೂಗದೇ ಇದ್ದಿದ್ರೆ ಆನು ನಿನ್ನ ಪಕ್ಕಕ್ಕೇ ಮಲಗ್ತಿದ್ದಿ ಅಕ್ಕಾ” ಎಂದಳು.

“ಕೂಗಿದ್ದು ಆನಲ್ಲ” ಎಂದೆ ಪಿಸುದನಿಯಲ್ಲಿ.

“ನಿನ್ನ ಬಾಯಿಂದ್ಲೇ ಬಂತು” ಎಂದಳು.

ಡಾಕ್ಟರನ್ನೂ ಕೇಳಿದೆ. ಮಾತ್ರೆ ನಿಲ್ಲಿಸಿದಾಗ ತಲೆಗೆ ಮಬ್ಬು ಕವಿದು ಏನೇನೋ ಕೇಳಿಸಬಹುದು ಎಂದರು. ಇರಬಹುದು. ಆದರೆ ಸವಿತಾ ಯಾವ ಮಾತ್ರೆಯನ್ನೂ ನಿಲ್ಲಿಸಿರಲಿಲ್ಲವಲ್ಲ! ಸೋತ ನರ ಒಮ್ಮೆ ಎಚ್ಚೆತ್ತಿತು ಎನ್ನೋಣವೆಂದರೆ, ಅಷ್ಟು ಗಟ್ಟಿಯಾಗಿ ಕೂಗಿದವಳಿಗೆ ತನ್ನ ಗಂಟಲು ಅಲುಗಿದ್ದೂ ತಿಳಿಯಲಿಲ್ಲವೇ? ಅದು ನನ್ನ ದನಿಯೇ ಆಗಿದ್ದರೆ ಅಂಥ ಮಾತನ್ನೇ ಏಕೆ ಆರಿಸಿಕೊಂಡಿತು? ಆ ಪದ್ಧತಿ ತಪ್ಪೆಂದು ಇವತ್ತಿಗೂ ಹೇಳುತ್ತೇನೆ. ಆದರೆ ಹೇಳುವಾಗ ಮೊದಲಿನ ಜೋರು ಇಲ್ಲ, ದನಿಯೂ ಇಲ್ಲ. ಅದು ಮರಳಿ ಬರಲೇ ಇಲ್ಲ.

ನನ್ನ ರೋಗ ವಾಸಿಯಾಗಿದೆ. ಸವಿತಾಳ ಮಗಳು ರಜೆಗೆ ಬಂದರೆ ಹಿತ್ತಲ ಬಾಗಿಲಿನಿಂದಲೇ ‘ದೊಡ್ಡಾಯೀ’ ಎನ್ನುತ್ತ ಓಡಿ ಬರುತ್ತಾಳೆ. ಕೈ ಚಾಚುತ್ತೇನೆ. ಆದರೆ ಪ್ರತಿಸಲವೂ ಅವಳು ಹೊಸ್ತಿಲು ದಾಟುವಾಗ ನನ್ನ ಕಿವಿ ಬೆನ್ನ ಹಿಂದಿನ ಮೂಲೆಗೆ ಹೋಗುತ್ತದೆ. ಇನ್ನೂವರೆಗೆ ಯಾರೂ ಕೂಗಿಲ್ಲ.