ಬೆಂಕಿ ಬಿದ್ರೆ ಯಾವ ಬಾಗಿಲು?

ನಮ್ಮ ಸುರಕ್ಷತಾ ಇನ್‌ಸ್ಪೆಕ್ಟರು ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಕೇಳುವುದು, "ಬೆಂಕಿ ಬಿದ್ರೆ ಯಾವ ಬಾಗಿಲು?" ತಮ್ಮದೇ ಮದುವೆ ಮಾತಿಗೆ ಹೋದಾಗಲೂ ಅದೇ ಪ್ರಶ್ನೆ; "ಮೊದ್ಲು ಕೂತ್ಕೊಳ್ಳಿ, ಓಡೋದು ಆಮೇಲೆ ನೋಡೋಣ" ಎಂದರಂತೆ ಮಾವ. ಸಿನಿಮಾ ಟಾಕೀಸಿನಲ್ಲಿ ಪರದೆ ಕಾಣದಿದ್ದರೂ ಸರಿ, ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಬಾಣಲೆ ತುಸು ಹೊಗೆಯಾಡಿದರೆ ಸಾಕು, ಸೀಟಿ ಊದಿ ಮನೆಮಂದಿಯನ್ನೆಲ್ಲ ಬೀದಿಗೆ ಅಟ್ಟುತ್ತಾರೆ. ಜೊತೆಗಿರುವ ಅತ್ತೆಯಂತೂ ಚಪ್ಪಲಿ ಹಾಕಿಕೊಂಡೇ ಮಲಗುತ್ತಾರೆ. ಹೊಸ ಕಾಯ್ದೆ ಬಂದು ಜೈಲುಗಳ ತಪಾಸಣೆಯೂ ಇವರ ತಲೆಗೆ ಬಂತು. ಅಲ್ಲಿ ಕಂಬಿಯ ಹಿಂದಿದ್ದ ಮುದುಕನಿಗೂ ಅದೇ ಪ್ರಶ್ನೆ ಹಾಕಿದರು. "ಕೀಲಿಕೈ ಇರೋರು ಊಟಕ್ಕೆ ಹೋಗಿದ್ದಾರೆ ಸ್ವಾಮಿ, ಅವ್ರು ಬಂದ್ಮೇಲೆ ಬೆಂಕಿ ಬಿದ್ರೆ ಒಳ್ಳೇದು" ಎಂದನಾತ. ಎಲ್ಲೂ ಹೊರಬಾಗಿಲು ಬಿಟ್ಟು ಕೂರದ ಮನುಷ್ಯ, ಕೀಲಿಕೈ ಬರುವವರೆಗೂ ಆ ಕಂಬಿಗೆ ಒರಗಿ ನೆಲದ ಮೇಲೆ ಕೂತೇ ಇದ್ದರು.